ತೆರೆಯ ಮರೆಯ ಕಂಠಗಳು

ಅಮೆರಿಕದ ಹಾಲಿವುಡ್ಡಿನ ಸಂಗೀತಚಿತ್ರಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ತಾರೆಗಳ ಹೆಸರುಗಳನ್ನೇ ಎಣಿಸುತ್ತಾರೆ. ಫ್ರೆಡ್ ಅಸ್ಟೇರನ ಪಾದಲಾಘವ, ಜೂಡಿ ಗಾರ್ಲೆಂಡಳ ಕಂಠಮಾಧುರ್ಯ, ಜೀನ್ ಕೆಲ್ಲಿಯ ಅಂಗಸೌಷ್ಠವ—ಇವು ಲೋಕವಿದಿತವಾದವು. ಆದರೆ ಆ ಚರಿತ್ರೆಗೆ ಇನ್ನೊಂದು ಪಾರ್ಶ್ವವುಂಟು. ತೆರೆಯ ಮೇಲೆ ತುಟಿಯಾಡಿಸಿದವರು ಒಬ್ಬರು, ಹಾಡಿದವರು ಇನ್ನೊಬ್ಬರು. ಕೀರ್ತಿಯೆಲ್ಲವೂ ಮೊದಲನೆಯವರದು, ಎರಡನೆಯವರಿಗೆ ಹೆಸರೂ ಇಲ್ಲ.

1927ನೆಯ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ‘ದಿ ಜಾಝ್ ಸಿಂಗರ್’ ಚಿತ್ರವು ಪ್ರದರ್ಶಿತವಾಗಿ, ಆಲ್ ಜಾಲ್ಸನ್ನನ ಹಾಡು ತೆರೆಯಿಂದಲೇ ಕೇಳಿಬಂದಾಗ ಮೂಕಚಿತ್ರಗಳ ಯುಗವು ಮುಗಿಯುತ್ತ ಬಂದಿತು. ಮೊದಮೊದಲು ಹಾಡನ್ನೂ ಚಿತ್ರವನ್ನೂ ಏಕಕಾಲದಲ್ಲಿ ಹಿಡಿಯಬೇಕಾಗಿತ್ತು. ಕ್ಯಾಮರಾದ ಸದ್ದು ಮೈಕ್ರೊಫೋನಿಗೆ ಬೀಳಬಾರದೆಂದು ಅದನ್ನು ಮುಚ್ಚಿದ ಗೂಡಿನೊಳಗಿರಿಸುತ್ತಿದ್ದರು. ಆದುದರಿಂದ ಅದು ಕದಲುವಂತಿರಲಿಲ್ಲ. 1929ರಲ್ಲಿ ಎಂ.ಜಿ.ಎಂ. ಸಂಸ್ಥೆಯು ‘ದಿ ಬ್ರಾಡ್‌ವೇ ಮೆಲೊಡಿ’ ಚಿತ್ರದ ಒಂದು ನೃತ್ಯವನ್ನು ಮತ್ತೊಮ್ಮೆ ಚಿತ್ರಿಸಬೇಕಾಗಿ ಬಂದಾಗ, ಧ್ವನಿವಿಭಾಗದ ಡಗ್ಲಸ್ ಶಿಯರರನು ಒಂದು ಉಪಾಯವನ್ನು ಸೂಚಿಸಿದನು. ಮುದ್ರಿತವಾಗಿದ್ದ ಸಂಗೀತವು ಚೆನ್ನಾಗಿಯೇ ಇದ್ದುದರಿಂದ, ಅದನ್ನೇ ನುಡಿಸಿ ನರ್ತಕಿಯರನ್ನು ಅದಕ್ಕೆ ಸರಿಯಾಗಿ ಕುಣಿಸಿದರೆ ಸಾಕೆಂಬುದೇ ಆ ಉಪಾಯ. ಹೀಗೆ ಹಾಡನ್ನು ಮೊದಲು ಮುದ್ರಿಸಿ ಚಿತ್ರವನ್ನು ಅನಂತರ ತೆಗೆಯುವ ಪದ್ಧತಿ ನೆಲೆಗೊಂಡಿತು. ಕ್ಯಾಮರಾಕ್ಕೆ ಬಿಡುಗಡೆಯಾಯಿತು, 1933ರ ‘42ನೆಯ ಸ್ಟ್ರೀಟ್’ ಚಿತ್ರದಲ್ಲಿ ಬಸ್ಬಿ ಬರ್ಕ್ಲಿಯು ನರ್ತಕಿಯರ ಸಮೂಹವನ್ನು ಮೇಲಿನಿಂದ ರಂಗವಲ್ಲಿಯಂತೆ ತೋರಿಸಲು ಸಾಧ್ಯವಾದುದು ಇದರಿಂದಲೇ.

ಆದರೆ ಕಂಠವು ದೇಹದಿಂದ ಒಮ್ಮೆ ಬೇರೆಯಾದ ಮೇಲೆ, ಯಾರ ಕಂಠವನ್ನಾದರೂ ಯಾರ ದೇಹಕ್ಕಾದರೂ ಜೋಡಿಸಬಹುದಾಯಿತು. 1946ರ ‘ಗಿಲ್ಡಾ’ದಲ್ಲಿ ರೀಟಾ ಹೇವರ್ತ್‌ಳಿಗಾಗಿ ಆನಿಟಾ ಎಲಿಸ್ ಹಾಡಿದಳು. 1951ರ ‘ಷೋ ಬೋಟ್’ ಚಿತ್ರದಲ್ಲಿ ಆವಾ ಗಾರ್ಡ್‌ನರಳ ಪಾತ್ರಕ್ಕೆ ಆನೆಟ್ ವಾರೆನ್ನಳ ಕಂಠ. ಅದೇ ಚಿತ್ರದ ಧ್ವನಿಮುದ್ರಿಕೆಯಲ್ಲಿ ಮಾತ್ರ ಗಾರ್ಡ್‌ನರಳ ಸ್ವಂತ ಕಂಠ! 1954ರ ‘ಕಾರ್ಮೆನ್ ಜೋನ್ಸ್’ನಲ್ಲಿ ಡೊರೊಥಿ ಡ್ಯಾಂಡ್ರಿಜ್, ಹ್ಯಾರಿ ಬೆಲಫಾಂಟೆ ಇವರು ಸ್ವತಃ ಗಾಯಕರಾಗಿದ್ದರೂ, ಬಿಜೆಯ ಗೀತನಾಟಕದ ಸ್ವರಗಳಿಗೆ ಬೇರೆ ಬಗೆಯ ಶಿಕ್ಷಣವು ಬೇಕೆಂದು ಮ್ಯಾರಿಲಿನ್ ಹಾರ್ನ್, ಲೆವರ್ನ್ ಹಚರ್‌ಸನ್ ಇವರಿಂದ ಹಾಡಿಸಿದರು.

1952ರ ‘ಸಿಂಗಿನ್ ಇನ್ ದ ರೇನ್’ ಚಿತ್ರದ ಕಥೆಯೇ ಈ ಅನ್ಯಾಯವನ್ನು ಕುರಿತದ್ದು. ಕೀರಲು ದನಿಯ ತಾರೆಯೊಬ್ಬಳಿಗೆ ಬಡ ಹುಡುಗಿಯೊಬ್ಬಳು ಕಂಠವನ್ನು ಎರವಲು ಕೊಡುತ್ತಾಳೆ. ಕೊನೆಗೆ ಪರದೆ ಮೇಲೇರಿ ಸತ್ಯವು ಬಯಲಾಗುತ್ತದೆ. ವಿಪರ್ಯಾಸವೆಂದರೆ, ಆ ಹುಡುಗಿಯಾಗಿ ನಟಿಸಿದ ಡೆಬಿ ರೆನಾಲ್ಡ್ಸಳು ತಾರೆಗಾಗಿ ಹಾಡುವಂತೆ ತೋರಿಸಿದ ಹಾಡನ್ನು ನಿಜವಾಗಿ ಹಾಡಿದವಳು ಬೆಟಿ ನಾಯ್ಸ್. ಅವಳ ಹೆಸರು ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಅನ್ಯಾಯವನ್ನು ಖಂಡಿಸುವ ಕಥೆಯೇ ಆ ಅನ್ಯಾಯವನ್ನು ಮಾಡಿತು.

ಇಂತಹ ಅಜ್ಞಾತ ಗಾಯಕಿಯರಲ್ಲಿ ಅಗ್ರಗಣ್ಯಳು ಮಾರ್ನಿ ನಿಕ್ಸನ್. 1930ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜನಿಸಿದ ಈಕೆಯು 1956ರ ‘ದಿ ಕಿಂಗ್ ಅಂಡ್ ಐ’ ಚಿತ್ರದಲ್ಲಿ ಡೆಬೊರಾ ಕರ್‌ಳಿಗಾಗಿ ಹಾಡಿದಳು. ಇಬ್ಬರೂ ಜೊತೆಗೂಡಿ ಅಭ್ಯಾಸಮಾಡಿ, ಒಬ್ಬಳ ಮಾತು ಮುಗಿದು ಇನ್ನೊಬ್ಬಳ ಹಾಡು ಆರಂಭವಾಗುವ ಸಂಧಿಯು ತಿಳಿಯದಂತೆ ಮಾಡಿದರು. ಗುಟ್ಟನ್ನು ಹೊರಗೆಡಹಿ ಗಾಯಕಿಗೆ ಸಲ್ಲಬೇಕಾದುದನ್ನು ಸಲ್ಲಿಸಿದವಳು ಕರ್‌ಳೇ. ಇದು ಅವಳ ಹಿರಿಮೆ. 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನ್ಯಾಟಲಿ ವುಡ್‌ಳು ತನ್ನ ಹಾಡೇ ಉಳಿಯುವುದೆಂದು ನಂಬಿ ಹಾಡಿ ನಟಿಸಿದ್ದಳು. ಅನಂತರ ಆಕೆಯ ಕಂಠವನ್ನು ತೆಗೆದುಹಾಕಿದುದರಿಂದ, ಆಗಲೇ ಚಿತ್ರಿತವಾಗಿದ್ದ ತುಟಿಗಳ ಚಲನೆಗೆ ನಿಕ್ಸನ್ನಳು ತನ್ನ ದನಿಯನ್ನು ಹೊಂದಿಸಬೇಕಾಯಿತು. ಸಂಗೀತಕಾರ ಲಿಯೊನಾರ್ಡ್ ಬರ್ನ್‌ಸ್ಟೈನನು ಧ್ವನಿಮುದ್ರಿಕೆಯಿಂದ ತನಗೆ ಬರುವ ಆದಾಯದಲ್ಲಿ ಒಂದು ಅಂಶವನ್ನು ಆಕೆಗೆ ಬಿಟ್ಟುಕೊಟ್ಟನು. 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರೆ ಹೆಪ್‌ಬರ್ನಳ ಬಹುಪಾಲು ಹಾಡುಗಳೂ ನಿಕ್ಸನ್ನಳವೇ. ಆ ಪಾತ್ರವನ್ನು ರಂಗಭೂಮಿಯಲ್ಲಿ ತಾನೇ ಹಾಡಿ ಗೆದ್ದಿದ್ದ ಜೂಲಿ ಆಂಡ್ರೂಸಳನ್ನು ಚಿತ್ರಕ್ಕೆ ಕರೆದಿರಲಿಲ್ಲ. ಅದೇ ವರ್ಷದ ‘ಮೇರಿ ಪಾಪಿನ್ಸ್’ಗಾಗಿ ಶ್ರೇಷ್ಠ ನಟಿಯ ಆಸ್ಕರ್ ಪಾರಿತೋಷಕವು ಆಕೆಗೇ ದೊರೆಯಿತು.

ಭಾರತದಲ್ಲಿಯೂ 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯ ‘ಭಾಗ್ಯಚಕ್ರ’ದಿಂದ ಹಿನ್ನೆಲೆಗಾಯನವು ಬಳಕೆಗೆ ಬಂದಿತು. ಇಲ್ಲಿಯೂ ಮೊದಲು ಗುಟ್ಟೇ ಇದ್ದಿತು. 1949ರ ‘ಮಹಲ್’ ಚಿತ್ರದ ಧ್ವನಿಮುದ್ರಿಕೆಯ ಮೇಲೆ ಲತಾ ಮಂಗೇಶ್ಕರರ ಹೆಸರಿಗೆ ಬದಲಾಗಿ ಪಾತ್ರದ ಹೆಸರಾದ ‘ಕಾಮಿನಿ’ ಎಂದೇ ಅಚ್ಚಾಗಿತ್ತು. ಆದರೆ ಕೇಳುಗರು ಹಾಡಿದವರಾರೆಂದು ವಿಚಾರಿಸಿದರು. ಕ್ರಮೇಣ ಗಾಯಕರೂ ನಟರಷ್ಟೇ ಪ್ರಸಿದ್ಧರಾದರು. ಭಾಗವತನು ಎಲ್ಲರ ಕಣ್ಣೆದುರಿಗೆ ಹಾಡಿ ವೇಷಧಾರಿಯು ಕುಣಿಯುವ ಯಕ್ಷಗಾನವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಹಾಲಿವುಡ್ಡಿನಲ್ಲಿಯಾದರೋ ತಾರೆಯ ರೂಪ, ಮಾತು, ಹಾಡು ಎಲ್ಲವೂ ಒಂದೇ ಸರಕೆಂಬಂತೆ ಮಾರಾಟವಾಗುತ್ತಿದ್ದುದರಿಂದ, ಸಾಲವನ್ನು ಒಪ್ಪಿಕೊಂಡರೆ ಬೆಲೆ ತಗ್ಗೀತೆಂಬ ಭಯವಿದ್ದಿತು.

1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ನಿಕ್ಸನ್ನಳು ಸಂನ್ಯಾಸಿನಿಯೊಬ್ಬಳ ಸಣ್ಣ ಪಾತ್ರದಲ್ಲಿ ತನ್ನ ಮುಖದಿಂದಲೇ ತನ್ನ ಹಾಡನ್ನು ಹಾಡಿದಳು. 2016ರಲ್ಲಿ ಆಕೆಯು ತೀರಿಕೊಂಡಾಗ ಪತ್ರಿಕೆಗಳು ಆ ಹಾಡುಗಳೆಲ್ಲವೂ ಯಾರವೆಂಬುದನ್ನು ಸ್ಪಷ್ಟವಾಗಿ ಬರೆದವು. ಆ ತಾರೆಗಳ ಸೌಂದರ್ಯವಾಗಲಿ ಅಭಿನಯವಾಗಲಿ ಇದರಿಂದ ಕುಂದಲಿಲ್ಲ. ಮುಚ್ಚಿಟ್ಟವರ ಭಯವು ನಿರಾಧಾರವಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.