ಮೊಡವೆ, ಚಾಕೊಲೇಟ್ ಮತ್ತು ಫಿಲಡೆಲ್ಫಿಯಾದ ಒಂದು ಜೈಲು

(1/5)
ಕಳೆದ ವಾರ ಒಂದು ಎಂಗೇಜ್‌ಮೆಂಟ್‌ಗೆ ಹೋಗಿದ್ದೆ. ಬಾಗಿಲಲ್ಲೇ ಅತ್ತೆ ಒಬ್ಬರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಏನೇ ಇದು ಮುಖ, ಚಾಕೊಲೇಟ್ ಜಾಸ್ತಿ ತಿಂತೀಯಾ?" ಅಂದ್ರು. ಹತ್ತು ಜನರ ಎದುರು. ಚಾಕೊಲೇಟ್ ಮುಟ್ಟಿ ತಿಂಗಳಾಗಿತ್ತು ಅಂತ ಹೇಳೋಕೂ ಬಾಯಿ ಬರಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಹುಡುಕೋಕೆ ಶುರು ಮಾಡಿದೆ: ಇದನ್ನ ಯಾರಾದ್ರೂ ನಿಜವಾಗಿ ಪರೀಕ್ಷೆ ಮಾಡಿ ನೋಡಿದ್ದಾರಾ? ನೋಡಿದ್ದಾರೆ. ಆದ್ರೆ ಆ ಕಥೆ ಹೋಗಿ ಒಂದು ಜೈಲಿನೊಳಗೆ ನಿಂತಿತು.

(2/5)
ಮೊಡವೆ ನಮ್ಮ ಜನರೇಷನ್‌ನ ಜಂಕ್ ಫುಡ್ ಕಾಯಿಲೆ ಅನ್ನೋರಿಗೆ ಮೊದಲು ಒಂದು ಮಾತು. ಇದು ಸುಶ್ರುತ ಸಂಹಿತೆಯಲ್ಲೇ ಇದೆ. ಯೌವನದಲ್ಲಿ ಮುಖದ ಮೇಲೆ ಬೂರುಗದ ಮರದ ಮುಳ್ಳಿನ ಹಾಗೆ ಏಳುವ ಗುಳ್ಳೆಗಳು, ಹೆಸರು ಮುಖದೂಷಿಕಾ. ಬೂರುಗದ ಕಾಂಡ ನೋಡಿದವರಿಗೆ ಈ ಹೋಲಿಕೆ ಎಷ್ಟು ಕರೆಕ್ಟ್ ಅಂತ ಗೊತ್ತಾಗುತ್ತೆ. ಕಫ, ವಾತ, ರಕ್ತ ಕೆಟ್ಟು ಬರುತ್ತೆ ಅಂತ ಅಲ್ಲಿ ಕಾರಣ ಹೇಳಿದೆ.

ಇವತ್ತಿನ ವಿವರಣೆ ಹೀಗೆ. ಹದಿಹರೆಯದಲ್ಲಿ ಆಂಡ್ರೊಜೆನ್ ಅನ್ನೋ ಹಾರ್ಮೋನ್ ಏರುತ್ತೆ, ಹುಡುಗಿಯರಲ್ಲೂ. ಚರ್ಮದ ಎಣ್ಣೆ ಗ್ರಂಥಿಗಳು ದೊಡ್ಡದಾಗಿ ಜಾಸ್ತಿ ಎಣ್ಣೆ ಬಿಡುತ್ತವೆ. ಅದೇ ಹೊತ್ತಿಗೆ ಕೂದಲಿನ ರಂಧ್ರದೊಳಗಿನ ಸತ್ತ ಕೋಶಗಳು ಹೊರಗೆ ಉದುರದೆ ಒಂದಕ್ಕೊಂದು ಅಂಟಿ ಬಿರಡೆ ಥರ ಕೂರುತ್ತವೆ. ಒಳಗೆ ಎಣ್ಣೆ ತುಂಬುತ್ತೆ, ಅಲ್ಲೇ ವಾಸ ಮಾಡೋ ಬ್ಯಾಕ್ಟೀರಿಯಾ ಹೆಚ್ಚುತ್ತೆ, ದೇಹ ಅದರ ಮೇಲೆ ಜಗಳಕ್ಕೆ ಹೋಗುತ್ತೆ, ಜಾಗ ಕೆಂಪಾಗಿ ಊದಿಕೊಳ್ಳುತ್ತೆ. ಅಪ್ಪ ಅಮ್ಮನಿಗೆ ಇದ್ದಿದ್ರೆ ನಮಗೂ ಬರೋ ಸಾಧ್ಯತೆ ಜಾಸ್ತಿ. ಅಂದ ಹಾಗೆ ಬ್ಲ್ಯಾಕ್‌ಹೆಡ್‌ನ ಕಪ್ಪು ಬಣ್ಣ ಕೊಳೆ ಅಲ್ಲ, ಮೆಲನಿನ್ ಮತ್ತು ಗಾಳಿ ತಾಗಿದ ಎಣ್ಣೆ. ದಿನಕ್ಕೆ ಆರು ಸಲ ಮುಖ ತಿಕ್ಕೋ ನನ್ನ ರೂಮ್‌ಮೇಟ್, ಇದು ನಿನಗೆ.

(3/5)
ಈಗ ಚಾಕೊಲೇಟ್. 1969ರಲ್ಲಿ ಅಮೆರಿಕದಲ್ಲಿ ಫುಲ್ಟನ್, ಪ್ಲೆವಿಗ್, ಕ್ಲಿಗ್ಮನ್ ಅನ್ನೋ ಮೂವರು ಚರ್ಮವೈದ್ಯರು 65 ಜನರ ಮೇಲೆ ಪರೀಕ್ಷೆ ಮಾಡಿದ್ರು. 4 ವಾರ ದಿನಕ್ಕೊಂದು ಬಾರ್. ಒಂದು ಬಾರ್‌ನಲ್ಲಿ ಮಾಮೂಲಿಗಿಂತ ಸುಮಾರು 10 ಪಟ್ಟು ಚಾಕೊಲೇಟ್, ಇನ್ನೊಂದರಲ್ಲಿ ಚಾಕೊಲೇಟೇ ಇಲ್ಲ. ಮೊಡವೆ ಎಣಿಸಿದ್ರು. ವ್ಯತ್ಯಾಸ ಇಲ್ಲ ಅಂತ ಬರೆದ್ರು. ಆಮೇಲೆ ಎಷ್ಟೋ ವರ್ಷ ಡಾಕ್ಟರ್‌ಗಳು ಇದನ್ನೇ ಹಿಡಿದು, ಊಟಕ್ಕೂ ಮೊಡವೆಗೂ ಸಂಬಂಧ ಇಲ್ಲ ಅಂತ ಹೇಳಿಕೊಂಡು ಬಂದ್ರು.

ಓದಿ ನನಗೆ ಖುಷಿಯೋ ಖುಷಿ, ಅತ್ತೆಗೆ ಫಾರ್ವರ್ಡ್ ಮಾಡೋಣ ಅಂತ. ಆದ್ರೆ ಬಿಕಾಂ ಬುದ್ಧಿ ಬಿಡಬೇಕಲ್ಲ, ಆಡಿಟಿಂಗ್ ಕ್ಲಾಸಲ್ಲಿ ಕಲಿಸಿದ ಪ್ರಶ್ನೆ ಕೇಳಿದೆ: ದುಡ್ಡು ಯಾರದ್ದು? ಚಾಕೊಲೇಟ್ ತಯಾರಕರ ಸಂಘದ ನೆರವು ಇತ್ತಂತೆ. ಸರಿ, ಅಷ್ಟಕ್ಕೇ ಸುಳ್ಳು ಅನ್ನೋಕಾಗಲ್ಲ. ಆದ್ರೆ ಚಾಕೊಲೇಟ್ ಇಲ್ಲದ ಆ ಇನ್ನೊಂದು ಬಾರ್‌ನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು! ಎರಡೂ ಕಡೆ ಅದೇ ಸಕ್ಕರೆ ತಿನ್ನಿಸಿ ವ್ಯತ್ಯಾಸ ಇಲ್ಲ ಅಂದ್ರೆ ಅದು ಯಾವ ಟ್ಯಾಲಿ?

2002ರಲ್ಲಿ ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದ ವರದಿ ಬಂತು. 1,200 ಜನರನ್ನ ನೋಡಿದ್ರೂ ಒಬ್ಬರಿಗೂ ಮೊಡವೆ ಇರಲಿಲ್ಲ. ಅವರದ್ದು ಗೆಡ್ಡೆ, ಹಣ್ಣು, ಮೀನು, ತೆಂಗಿನಕಾಯಿ ಊಟ. ಅದು ವಂಶದ ಗುಣವೂ ಇರಬಹುದು. 2007ರಲ್ಲಿ ಮೆಲ್ಬರ್ನ್‌ನಲ್ಲಿ ಮೊಡವೆ ಇದ್ದ 43 ಹುಡುಗರ ಮೇಲೆ 12 ವಾರದ ಪರೀಕ್ಷೆ ಆಯ್ತು, ರಕ್ತದ ಸಕ್ಕರೆಯನ್ನ ಬೇಗ ಏರಿಸದ ಊಟ ಮಾಡಿದವರಿಗೆ ಮೊಡವೆ ಜಾಸ್ತಿ ಕಡಿಮೆ ಆಯ್ತು. ಹಾಗಾಗಿ ಅತ್ತೆ ಪೂರ್ತಿ ತಪ್ಪಲ್ಲ. (ಆ ಫಾರ್ವರ್ಡ್ ಕಳಿಸಲಿಲ್ಲ.)

(4/5)
ನಾನು ಮೊದಲ ಸಲ ಓದುವಾಗ ಗಮನಿಸದೆ ಬಿಟ್ಟ ಒಂದು ಸಾಲು ಇದೆ. ಆ 65 ಜನರಲ್ಲಿ 35 ಜನ ಕೈದಿಗಳು.

ಆಲ್ಬರ್ಟ್ ಕ್ಲಿಗ್ಮನ್‌ಗೂ ಜೈಲಿಗೂ ಹಳೇ ನಂಟು. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಚರ್ಮವೈದ್ಯ. 1951ರಲ್ಲಿ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಕಾಲಿಗೆ ಶಿಲೀಂಧ್ರದ ಸೋಂಕು ಹಬ್ಬಿದೆ ಅಂತ ಕರೆಸಿದ್ರು. ಒಳಗೆ ಹೋದವನಿಗೆ ರೋಗಿಗಳಿಗಿಂತ ಮೊದಲು ಕಂಡದ್ದು ಪರೀಕ್ಷೆಗೆ ಸಿಗುವ ಚರ್ಮ. 1974ರವರೆಗೂ ಅಲ್ಲಿ ಪ್ರಯೋಗ ನಡೀತು. ಶಾಂಪೂ, ಸೆಂಟ್, ಔಷಧಿ, ಕೊನೆಗೆ ಒಂದು ಕೆಮಿಕಲ್ ಕಂಪನಿಗಾಗಿ ಡಯಾಕ್ಸಿನ್ ಅನ್ನೋ ವಿಷ ಕೂಡ. ಬೆನ್ನಿನ ಮೇಲೆ ಚೌಕ ಚೌಕ ಪಟ್ಟಿ ಅಂಟಿಸಿ ಏನೇನೋ ಹಚ್ಚೋರು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ತುಂಬಾ ಜನ ಅಪರಾಧಿ ಅಂತ ತೀರ್ಮಾನವೂ ಆಗದೆ, ಬೇಲ್ ಕಟ್ಟೋಕೆ ದುಡ್ಡಿಲ್ಲದೆ ಒಳಗಿದ್ದವರು. ಕೆಲವು ಡಾಲರ್ ಸಿಗುತ್ತೆ ಅಂತ ಒಪ್ಪಿದ್ರು. ಬೇಲ್‌ಗೆ ದುಡ್ಡಿಲ್ಲದವನ ಒಪ್ಪಿಗೆಯನ್ನ ಒಪ್ಪಿಗೆ ಅಂತ ಹೇಗೆ ಕರೆಯೋದು?

2000ದಲ್ಲಿ ಸುಮಾರು 300 ಮಾಜಿ ಕೈದಿಗಳು ಕೇಸ್ ಹಾಕಿದ್ರು. ಕಾಲಮಿತಿ ಮುಗಿದಿದೆ ಅಂತ ಕೋರ್ಟ್ ವಜಾ ಮಾಡಿತು. ಕ್ಲಿಗ್ಮನ್ 2010ರಲ್ಲಿ ತೀರಿಕೊಂಡರು, ತಪ್ಪು ಮಾಡಿದೆ ಅಂತ ಒಪ್ಪಲಿಲ್ಲ. ಯೂನಿವರ್ಸಿಟಿ 2021ರಲ್ಲಿ, ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿದವು.

(5/5)
ಆ ಜೈಲಿನಲ್ಲಿ ಪರೀಕ್ಷೆಯಾದ ಔಷಧಿಗಳಲ್ಲಿ ಟ್ರೆಟಿನಾಯಿನ್ ಕೂಡ ಒಂದು. ಮೇಲೆ ಹೇಳಿದ ಬಿರಡೆಯನ್ನ ಸಡಿಲ ಮಾಡೋದು ಇದೇ. 1971ರಲ್ಲಿ ಅಮೆರಿಕದಲ್ಲಿ ಮೊಡವೆಗೆ ಅಂತ ಒಪ್ಪಿಗೆ ಸಿಕ್ತು, ಇವತ್ತಿಗೂ ಮುಖ್ಯ ಔಷಧಿ. ನನ್ನ ಹಾಸ್ಟೆಲ್ ಶೆಲ್ಫಲ್ಲಿ, ಕಾಸ್ಟಿಂಗ್ ಪುಸ್ತಕದ ಪಕ್ಕ ಇರೋ ಟ್ಯೂಬ್ ಅದೇ. ಆರು ತಿಂಗಳಿಂದ ರಾತ್ರಿ ಕಡಲೆಕಾಳಿನಷ್ಟು ಹಚ್ತಿದೀನಿ. ಕೆಲಸ ಮಾಡಿದೆ, ಸುಳ್ಳು ಹೇಳಲ್ಲ. ಇದನ್ನೆಲ್ಲ ಓದಿದ ಮೇಲೆ ಒಂದು ರಾತ್ರಿ ಬಿಟ್ಟೆ. ಮಾರನೇ ದಿನ ಮತ್ತೆ ಹಚ್ಚಿದೆ.

ಡಿಎಂನಲ್ಲಿ ಹೆಸರು ಕೇಳೋರಿಗೆ: ಇದನ್ನ ಡಾಕ್ಟರ್ ಹತ್ರ ಹೋಗಿಯೇ ತಗೊಳ್ಳಿ, ಗರ್ಭಿಣಿಯರಿಗಂತೂ ಬೇಡ. ಮುಂದಿನ ಸೀರೀಸ್ ಸೋಪಿನ ಜಾಹೀರಾತುಗಳ ಬಗ್ಗೆ. ನಿಮ್ಮ ಅತ್ತೆ ಏನಂದ್ರು, ಕಾಮೆಂಟಲ್ಲಿ ಹಾಕಿ.