ನೆಪೋಲಿಯನ್ನನೂ ವಿದ್ವತ್ಪ್ರಪಂಚವೂ

ನೆಪೋಲಿಯನ್ನನ ಹೆಸರನ್ನು ಕೇಳಿದೊಡನೆ ಆಸ್ಟರ್ಲಿಟ್ಸ್, ವಾಟರ್ಲೂ ಮೊದಲಾದ ರಣಭೂಮಿಗಳು ನೆನಪಿಗೆ ಬರುವುದು ಸಹಜವು. ಅವನು ಗೆದ್ದ ರಾಜ್ಯಗಳು ಅವನ ಕಣ್ಣೆದುರಿಗೇ ಕೈಬಿಟ್ಟು ಹೋದುವು. ಶಾಸ್ತ್ರಪ್ರಪಂಚದಲ್ಲಿ ಅವನಿಂದುಂಟಾದ ಪರಿಣಾಮಗಳಾದರೋ ಇಂದಿಗೂ ಅಳಿದಿಲ್ಲ. ಅವುಗಳಲ್ಲಿ ಕೆಲವನ್ನು ಅವನು ಬಯಸಿದ್ದನು. ಕೆಲವು ಅವನ ಅರಿವಿಗೆ ಬಾರದೆಯೇ ಫಲಿಸಿದುವು.

1797ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ವಿದ್ವತ್ಸಂಸ್ಥೆಗೆ ಸದಸ್ಯನಾಗಿ ಆಯ್ಕೆಯಾದುದನ್ನು ಅವನು ಸೇನಾಪತಿಯೆಂಬ ಬಿರುದಿಗಿಂತ ಮೊದಲು ಬರೆದುಕೊಳ್ಳುತ್ತಿದ್ದನು. ಮರುವರ್ಷ ಈಜಿಪ್ಟಿಗೆ ದಂಡೆತ್ತಿ ಹೋದಾಗ ಫಿರಂಗಿಗಳೊಡನೆ 150ಕ್ಕೂ ಮಿಕ್ಕ ವಿದ್ವಾಂಸರನ್ನೂ ಯಂತ್ರಜ್ಞರನ್ನೂ ಚಿತ್ರಕಾರರನ್ನೂ ಕರೆದೊಯ್ದನು. ಕೈರೋ ನಗರದಲ್ಲಿ ಸ್ಥಾಪಿತವಾದ ಸಂಸ್ಥೆಗೆ ಗಣಿತಜ್ಞನಾದ ಮೋಂಜನು ಅಧ್ಯಕ್ಷ, ತಾನು ಉಪಾಧ್ಯಕ್ಷ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಊರವರು ದಂಗೆಯೆದ್ದಾಗ, ಶತಮಾನಗಳಿಂದ ವಿದ್ಯಾಪೀಠವಾಗಿದ್ದ ಅಲ್-ಅಜ್ಹರ್ ಮಸೀದಿಯ ಮೇಲೆ ಅವನ ಫಿರಂಗಿಗಳು ಗುಂಡಿನ ಮಳೆಗರೆದುವು. ಸೈನಿಕರು ಕುದುರೆಗಳನ್ನು ಒಳಗೆ ಕಟ್ಟಿ, ಗ್ರಂಥಗಳನ್ನು ತುಳಿದರು. ಒಂದು ಕೈಯಿಂದ ಸರಸ್ವತಿಗೆ ಪೀಠವನ್ನಿಟ್ಟು ಮತ್ತೊಂದರಿಂದ ಅವಳನ್ನು ನೂಕಿದವನನ್ನು ವಿದ್ಯಾಪೋಷಕನೆಂದು ಕೊಂಡಾಡಲು ನನ್ನ ನಾಲಗೆ ಅಷ್ಟು ಸುಲಭವಾಗಿ ಏಳದು.

1799ರ ಜುಲೈಯಲ್ಲಿ ರೊಸೆಟ್ಟಾ ಊರಿನ ಬಳಿ ಕೋಟೆಯನ್ನು ದುರಸ್ತಿಗೊಳಿಸುತ್ತಿದ್ದವರಿಗೆ ಮೂರು ಲಿಪಿಗಳುಳ್ಳ ಶಿಲೆಯೊಂದು ದೊರೆಯಿತು. 1801ರಲ್ಲಿ ಫ್ರೆಂಚರು ಸೋತು ಶರಣಾದಾಗ ಪ್ರಾಣಿಶಾಸ್ತ್ರಜ್ಞರು, ತಮ್ಮ ಸಂಗ್ರಹಗಳನ್ನು ಕಿತ್ತುಕೊಂಡರೆ ಸುಟ್ಟುಬಿಡುವೆವೆಂದು ಹಟಹಿಡಿದು ಅವುಗಳನ್ನು ಉಳಿಸಿಕೊಂಡರು. ಶಿಲೆ ಮಾತ್ರ ಲಂಡನ್ನಿಗೆ ಹೋಯಿತು. ಆದರೂ ಅದರ ಪ್ರತಿಗಳ ನೆರವಿನಿಂದ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದವನು ಫ್ರಾನ್ಸಿನ ಶಾಂಪೋಲಿಯನ್ನನೇ.

ಧರ್ಮಶಾಸ್ತ್ರಕ್ಕೆ ಸಮಾನವಾದ 1804ರ ವ್ಯವಹಾರಸಂಹಿತೆಯ ಮಾತು ಎಲ್ಲರಿಗೂ ತಿಳಿದುದೇ. ತಿಳಿಯದವರು ಹೆಚ್ಚಾಗಿರುವ ಸಂಗತಿಯೆಂದರೆ, 1803ರಲ್ಲಿ ಅವನು ಅದೇ ರಾಷ್ಟ್ರೀಯ ವಿದ್ವತ್ಸಂಸ್ಥೆಯ ನೀತಿಶಾಸ್ತ್ರ-ರಾಜ್ಯಶಾಸ್ತ್ರ ವಿಭಾಗವನ್ನು ಮುಚ್ಚಿಸಿದನು. ಪ್ರಶ್ನೆ ಕೇಳುವ ಶಾಸ್ತ್ರ ಅವನಿಗೆ ಬೇಡವಾಗಿತ್ತು. ಆ ವಿಭಾಗ ಮತ್ತೆ ತೆರೆದುದು 1832ರಲ್ಲಿ.

ಸಂಸ್ಕೃತಪಾಠಶಾಲೆಯ ಜಗುಲಿಯಲ್ಲಿ ಶಬ್ದರೂಪಗಳನ್ನು ಗಟ್ಟಿಮಾಡಿದ ನನ್ನಂಥವನಿಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುವುದು ಇನ್ನೊಂದು ಕಥೆ. ಬಂಗಾಳದಲ್ಲಿ ಸಂಸ್ಕೃತವನ್ನು ಕಲಿತಿದ್ದ ಅಲೆಗ್ಜಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನವನು ಹಸ್ತಪ್ರತಿಗಳನ್ನು ನೋಡಲು ಪ್ಯಾರಿಸಿಗೆ ಬಂದಿದ್ದನು. 1803ರ ಮೇ ತಿಂಗಳಲ್ಲಿ ಯುದ್ಧವು ಮತ್ತೆ ಹೊತ್ತಿಕೊಂಡಿತು. ನೆಪೋಲಿಯನ್ನನು ಆಗಿನ್ನೂ ಚಕ್ರವರ್ತಿಯಾಗಿರಲಿಲ್ಲ. ಆದರೂ ತನ್ನ ದೇಶದಲ್ಲಿದ್ದ ಬ್ರಿಟಿಷ್ ಪ್ರಜೆಗಳನ್ನು ತಡೆದಿಡುವಂತೆ ಆಜ್ಞೆಮಾಡಿದನು. ಹೀಗೆ ಸಿಕ್ಕಿಕೊಂಡ ಹ್ಯಾಮಿಲ್ಟನ್ನನಿಗೆ ಅಲ್ಲಿನ ಪಂಡಿತರು ಆಸರೆಯಾದರು. ಅವನು ರಾಜಧಾನಿಯ ಗ್ರಂಥಭಂಡಾರದ ಸಂಸ್ಕೃತ ಹಸ್ತಪ್ರತಿಗಳಿಗೆ ಸೂಚಿಯನ್ನು ಸಿದ್ಧಪಡಿಸಿದನು. ಫ್ರೀಡ್ರಿಖ್ ಶ್ಲೇಗೆಲ್ ಎಂಬ ಜರ್ಮನ್ ಕವಿಗೆ ಸಂಸ್ಕೃತವನ್ನು ಹೇಳಿಕೊಟ್ಟನು. ಆ ಶಿಷ್ಯನು 1808ರಲ್ಲಿ ಭಾರತೀಯರ ಭಾಷೆಯನ್ನೂ ಜ್ಞಾನವನ್ನೂ ಕುರಿತು ಬರೆದ ಗ್ರಂಥವು ಜರ್ಮನಿಯಲ್ಲಿ ಸಂಸ್ಕೃತಾಧ್ಯಯನಕ್ಕೆ ನಾಂದಿಯಾಯಿತು. ಬಳಿಕ ಪ್ಯಾರಿಸಿಗೇ ಬಂದು ಕಲಿತ ಫ್ರಾನ್ಸ್ ಬೊಪ್ಪನು ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪಾರಸಿಕ, ಜರ್ಮನ್ ಭಾಷೆಗಳ ಕ್ರಿಯಾಪದಗಳನ್ನು ಹೋಲಿಸಿ, 1816ರಲ್ಲಿ ಭಾಷಾಶಾಸ್ತ್ರಕ್ಕೆ ಹೊಸ ತಳಹದಿಯನ್ನು ಹಾಕಿದನು. ಆ ವರ್ಷ ನೆಪೋಲಿಯನ್ನನು ಸೇಂಟ್ ಹೆಲೀನಾ ದ್ವೀಪದಲ್ಲಿ ಆಂಗ್ಲರ ಸೆರೆಯಾಳಾಗಿದ್ದನು.