ಟೋರ್ಬೆಲ್

ಸ್ವಿಟ್ಜರ್ಲೆಂಡಿನ ವಾಲಿಸ್ ಪ್ರಾಂತದ ಸಣ್ಣ ಹಳ್ಳಿ. ವಿಸ್ಪಾ ನದಿಯ ಕಣಿವೆಯ ಕಡಿದಾದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀ. ಎತ್ತರದಲ್ಲಿದೆ. ಜನಸಂಖ್ಯೆ 500ರ ಆಸುಪಾಸು; ಆಡುಭಾಷೆ ಜರ್ಮನ್ನಿನ ಒಂದು ಒಳನುಡಿ. ಸುತ್ತಲ ಶಿಖರಗಳು ಮಳೆಮೋಡಗಳನ್ನು ತಡೆಯುವುದರಿಂದ ಇದು ದೇಶದ ಅತಿ ಒಣ ಸೀಮೆಗಳಲ್ಲೊಂದು. ಕಾಲುವೆ ತೋಡಿ ಮೇಲಿನಿಂದ ನೀರು ತರದಿದ್ದರೆ ಹುಲ್ಲೂ ಸರಿಯಾಗಿ ಬೆಳೆಯದು.

ಇಂಥ ನೆಲದಲ್ಲಿ ಊರು ಶತಮಾನಗಟ್ಟಲೆ ಬಾಳಿದ್ದಕ್ಕೆ ಅದು ಹೊರಜಗತ್ತಿನಿಂದ ದೂರವಿದ್ದುದೇ ಕಾರಣವೆಂದು ಹೇಳುವುದು ಸುಲಭ. ದಾಖಲೆಗಳನ್ನು ನೋಡಿದರೆ ಅದಕ್ಕಿಂತ ಕಟ್ಟಳೆಗಳ ಪಾತ್ರವೇ ದೊಡ್ಡದೆನಿಸುತ್ತದೆ. ಭೂವ್ಯವಹಾರದ ಬರಹಗಳು 1224ರಿಂದಲೇ ಸಿಗುತ್ತವೆ. 1483ರಲ್ಲಿ ಊರವರು ಸಂಘ ಕಟ್ಟಿಕೊಂಡು, ಬೆಟ್ಟದ ಮೇಲಿನ ಗೋಮಾಳ, ಕಾಡು, ಬಂಜರುಗಳ ಬಳಕೆಗೆ ನಿಯಮ ಬರೆದರು. 1517ರ ಕಟ್ಟಳೆಯಂತೆ, ಚಳಿಗಾಲದಲ್ಲಿ ಸ್ವಂತ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಗೋಮಾಳಕ್ಕೆ ಅಟ್ಟಬೇಕಿತ್ತು. ಮೀರಿದವರಿಗೆ ದಂಡ ಹಾಕುವ ಅಧಿಕಾರಿಗೆ ಅದರಲ್ಲಿ ಅರ್ಧ ಪಾಲು; ಅವನು ಕಣ್ಣುಮುಚ್ಚಿ ಕೂರುವ ಸಂಭವ ಕಡಿಮೆ! ಹಸುಗಳು ಮೇಲೇರಿದ ಕೂಡಲೇ ಎಣಿಕೆಯೂ ಆಗುತ್ತಿತ್ತು, ಏಕೆಂದರೆ ಪ್ರತಿ ಮನೆಗೆ ಸಲ್ಲಬೇಕಾದ ಚೀಸಿನ ಪಾಲು ಆ ಲೆಕ್ಕದ ಮೇಲೆ ನಿಂತಿತ್ತು. ಹೀಗೆ ಎಲ್ಲರೂ ಒಟ್ಟಾಗಿ ಬಳಸುವ ಆಸ್ತಿ ಹಾಳಾಗಿಯೇ ತೀರುತ್ತದೆಂದು 1968ರಲ್ಲಿ ಪರಿಸರವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್ ಈ ಹಳ್ಳಿಯ ಬಗ್ಗೆ 1981ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಗಟ್ಟಿ ಅಪವಾದವಾಯಿತು. 2009ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತೆ ಎಲಿನಾರ್ ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ಅದನ್ನು ಬಳಸಿಕೊಂಡರು.

ಈ ವ್ಯವಸ್ಥೆಯನ್ನು ಸಮಾನತೆಯ ಸ್ವರ್ಗವೆಂದು ಬಣ್ಣಿಸುವಂತಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಹುಲ್ಲಿನ ತಾಕು ಹೆಚ್ಚಿದ್ದವನಿಗೆ ಗೋಮಾಳದಲ್ಲೂ ಹೆಚ್ಚು ಪಾಲು. ಊರಲ್ಲಿ ಜಮೀನು ಕೊಂಡ ಪರಸ್ಥಳದವನಿಗೆ ಗೋಮಾಳದ ಹಕ್ಕೇ ಇರಲಿಲ್ಲ. ಆದರೆ ಊರವರಿಗೆ ಖಾಸಗಿ ಆಸ್ತಿ ಗೊತ್ತಿರಲಿಲ್ಲವೆಂದೇನೂ ಅಲ್ಲ: ಹೊಲ, ತೋಟ, ಹುಲ್ಲಿನ ತಾಕು ಎಲ್ಲವೂ ಮನೆಮನೆಯ ಸೊತ್ತಾಗಿದ್ದವು. ಇಳುವರಿ ಕಡಿಮೆಯಿದ್ದು ವರ್ಷದಿಂದ ವರ್ಷಕ್ಕೆ ಏರುಪೇರಾಗುವ, ಬೇಲಿ ಹಾಕುವ ಖರ್ಚೂ ಗಿಟ್ಟದ ಮೇಲಿನ ನೆಲವನ್ನಷ್ಟೇ ಅವರು ಒಟ್ಟಾಗಿ ಉಳಿಸಿಕೊಂಡದ್ದು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಕಟ್ಟಳೆ ಹಸುಗಳಿಗೆ ಮಿತಿ ಹಾಕಿತೇ ಹೊರತು ಉಣ್ಣುವ ಬಾಯಿಗಳಿಗಲ್ಲ. ಆ ಭಾರವನ್ನು ತಡವಾದ ಮದುವೆಗಳು, ಮದುವೆಯಿಲ್ಲದೆ ಉಳಿದವರು ಮತ್ತು ಊರು ಬಿಟ್ಟು ಹೋದವರು ಹೊತ್ತರು.